ಬೀಗ ಹಾಕಿದ ಮನೆಯೊಳಗಿನ ನಾಯಿ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ. ಸಂಜೆ ಬಾಗಿಲು ತೆರೆದೊಡನೆ ಕಾಣುವುದು ಹರಿದ ಚಪ್ಪಲಿ, ಉಗುರಿನಿಂದ ಕೆರೆದ ಬಾಗಿಲು, ನೆಲದ ಮೇಲೆ ಮೂತ್ರ. ಮಧ್ಯಾಹ್ನವೆಲ್ಲ ಊಳಿಟ್ಟಿತೆಂದು ಪಕ್ಕದ ಮನೆಯವರ ದೂರು ಬೇರೆ. ನಾಯಿಯೋ, ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿಕೊಂಡು ಮೂಲೆ ಸೇರಿರುತ್ತದೆ. 'ಮಾಡಿದ ತಪ್ಪು ಅದಕ್ಕೇ ಗೊತ್ತು ನೋಡಿ' ಎಂದು ಯಜಮಾನರು ಕೋಲು ಹುಡುಕುತ್ತಾರೆ. ಹೀಗೇ ಕೆಲವು ತಿಂಗಳು ನಡೆದರೆ ನಾಯಿ ಯಾರದೋ ತೋಟಕ್ಕೋ ಬೀದಿಗೋ ಸಾಗಹಾಕಲ್ಪಡುತ್ತದೆ.

ಆದರೆ ಅದು ನಿಜವಾಗಿಯೂ ತಪ್ಪಿನ ಅರಿವೇ? ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳನ್ನು ಪರೀಕ್ಷಿಸಿ 2009ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬೇಡವೆಂದ ತಿಂಡಿಯನ್ನು ತಿಂದಿರಲಿ, ತಿನ್ನದಿರಲಿ, ಒಡೆಯರು ಗದರಿದಾಗ ನಾಯಿಗಳು ಆ 'ತಪ್ಪಿತಸ್ಥ' ಮುಖವನ್ನು ತೋರಿದವು. ಅಂದರೆ ಅದು ಪಶ್ಚಾತ್ತಾಪವಲ್ಲ, ಎದುರಿಗಿರುವವರ ಸಿಟ್ಟಿಗೆ ಪಡುವ ಅಂಜಿಕೆ. ಮಧ್ಯಾಹ್ನ ಹರಿದ ಚಪ್ಪಲಿಗೂ ಸಂಜೆ ಬಿದ್ದ ಪೆಟ್ಟಿಗೂ ಇರುವ ಸಂಬಂಧ ಅದಕ್ಕೆ ತಿಳಿಯದು. ಒಂಟಿಯಾಗಿದ್ದರೂ ಭಯ, ಒಡೆಯ ಬಂದರೂ ಭಯ ಎಂಬ ಪಾಠವನ್ನಷ್ಟೇ ಅದು ಕಲಿಯುತ್ತದೆ.

ಒಂಟಿತನ ಹೊಸದು

ನಾಯಿ ಗುಂಪಿನಲ್ಲಿ ಬಾಳುವ ಪ್ರಾಣಿ. ಕನಿಷ್ಠ 14 ಸಾವಿರ ವರ್ಷಗಳಿಂದ ಮನುಷ್ಯನೇ ಅದರ ಗುಂಪು. ನಮ್ಮ ಹಳ್ಳಿಗಳಲ್ಲಿ ನಾಯಿಗೆ ಜಗಲಿಯಿತ್ತು, ಹಿತ್ತಿಲಿತ್ತು, ಹೊಲಕ್ಕೆ ಹೋಗುವವರ ಬೆನ್ನು ಹತ್ತುವ ಸ್ವಾತಂತ್ರ್ಯವಿತ್ತು. ನಗರದ ಫ್ಲ್ಯಾಟಿನಲ್ಲಿ ಅದಕ್ಕಿರುವುದು ನಾಲ್ಕು ಗೋಡೆ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆ ಬಂದ ಎಷ್ಟೋ ಮರಿಗಳು ದಿನವಿಡೀ ಜನರ ನಡುವೆಯೇ ಬೆಳೆದವು. ಕಚೇರಿಗಳು ಮತ್ತೆ ತೆರೆದಾಗ ಮನೆ ಒಮ್ಮೆಲೇ ಬರಿದಾಯಿತು.

ಹಾಗೆಂದು ಪ್ರತಿಯೊಂದು ಹರಿದ ಚಪ್ಪಲಿಗೂ ಭಯವೇ ಕಾರಣವಲ್ಲ. ಮರಿಗೆ ಹಲ್ಲು ಬರುತ್ತಿರಬಹುದು, ಬೇಸರವಾಗಿರಬಹುದು. ಮೂತ್ರದ ಸೋಂಕೂ ಇರಬಹುದು. ಹಳೆಯ ಮೊಬೈಲ್ ಫೋನೊಂದನ್ನು ಮೂಲೆಯಲ್ಲಿಟ್ಟು ಚಿತ್ರೀಕರಿಸಿ ನೋಡುವುದು ಒಳ್ಳೆಯದು. ಮನೆಯವರು ಹೊರಟ ಅರ್ಧ ಗಂಟೆಯೊಳಗೇ ನಾಯಿ ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ಬಾಗಿಲ ಬಳಿಯೇ ಸುತ್ತುತ್ತಿದ್ದರೆ ಅದು ಅಗಲಿಕೆಯ ಭಯವೆಂದು ಶಂಕಿಸಬಹುದು. ಕಾಯಿಲೆಯಿಲ್ಲವೆಂದು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಬೀಗದ ಕೈಯ ಸದ್ದು

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಇವಾನ್ ಪಾವ್ಲೊವ್ ಅವರ ಪ್ರಯೋಗವನ್ನು ಶಾಲೆಯಲ್ಲಿ ಓದಿದವರು ಬಹಳ ಮಂದಿ. ಊಟದ ಮುನ್ನ ಪ್ರತಿಸಲವೂ ಒಂದು ಸದ್ದು ಕೇಳಿಸಿದರೆ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ. ಮನೆಯಲ್ಲಿ ನಡೆಯುವುದೂ ಇದೇ. ಬೀಗದ ಕೈ ಝಣಿಸಿದರೆ, ಬೂಟು ಹಾಕಿಕೊಂಡರೆ ಸಾಕು, ನಾಯಿಯ ಎದೆ ಬಡಿದುಕೊಳ್ಳುತ್ತದೆ.

ಕಲಿತದ್ದನ್ನು ಮರೆಸುವ ದಾರಿಯನ್ನೂ ಪಾವ್ಲೊವ್ ತೋರಿಸಿದರು. ಸದ್ದಿನ ನಂತರ ಊಟ ಬಾರದೆ ಹೋದರೆ ಜೊಲ್ಲೂ ಕ್ರಮೇಣ ನಿಲ್ಲುತ್ತದೆ. ಆದ್ದರಿಂದ ದಿನಕ್ಕೆ ಹಲವು ಸಲ ಬೀಗದ ಕೈ ಎತ್ತಿಕೊಂಡು, ಹೊರಗೆ ಹೋಗದೆ ಪತ್ರಿಕೆ ಓದುತ್ತ ಕುಳಿತುಕೊಳ್ಳಿ. ಆ ಸದ್ದಿಗೆ ನಾಯಿ ತಲೆಯೆತ್ತದಂತಾದ ಮೇಲೆ ಬಾಗಿಲಾಚೆ ಐದು ಸೆಕೆಂಡು ನಿಂತು ಬನ್ನಿ. ಆಮೇಲೆ ಅರ್ಧ ನಿಮಿಷ, ಎರಡು ನಿಮಿಷ, ಐದು ನಿಮಿಷ. ನಾಯಿ ಗಾಬರಿಗೊಳ್ಳುವ ಮೊದಲೇ ಮರಳುವುದು ಇದರ ಗುಟ್ಟು. ಗಾಬರಿಗೊಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ನಾಯಿಯನ್ನು ದಿನವಿಡೀ ಒಂಟಿಯಾಗಿ ಬಿಟ್ಟರೆ ಬೆಳಗಿನ ಪಾಠ ಮಧ್ಯಾಹ್ನ ಅಳಿಸಿಹೋಗುತ್ತದೆ. ಅತ್ತೆ ಮಾವನವರೋ, ಪರಿಚಿತ ನೆರೆಯವರೋ ಜೊತೆಗಿದ್ದರೆ ಅರ್ಧ ಗೆದ್ದಂತೆ.

ಹೊರಡುವ ಮುನ್ನ ಚೆನ್ನಾಗಿ ಅಡ್ಡಾಡಿಸಿ. ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಕೊಟ್ಟರೆ ನಾಯಿ ನೆಕ್ಕುತ್ತ ಕಾಲ ಕಳೆಯುತ್ತದೆ. ಅದನ್ನು ಮೂಸಿಯೂ ನೋಡದಿದ್ದರೆ ಭಯ ಇನ್ನೂ ಇಳಿದಿಲ್ಲವೆಂದೇ ಅರ್ಥ. ಬಿಸಿಲಿನ ಬಾಲ್ಕನಿಯಲ್ಲಿ ಕೂಡಿಹಾಕಬೇಡಿ. ನಾಯಿ ನಮ್ಮಂತೆ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಕಟ್ಟಿಹಾಕುವುದೂ ಪರಿಹಾರವಲ್ಲ, ನಾಯಿಯನ್ನು ಅಡ್ಡಾಡಿಸದೆ ಸದಾ ಸರಪಳಿಯಲ್ಲಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಭಯ ತೀವ್ರವಾಗಿದ್ದರೆ ಪಶುವೈದ್ಯರು ಕೊಡುವ ಔಷಧಿಗಳುಂಟು. ಆದರೆ ಅವು ತರಬೇತಿಗೆ ಊರುಗೋಲೇ ಹೊರತು ಬದಲಿಯಲ್ಲ. ಮನುಷ್ಯರ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ಕೊಡಕೂಡದು.

ನಾಯಿಯ ಬಾಲ ಡೊಂಕು ಎನ್ನುವುದು ಗಾದೆ. ಬಾಲ ಹುಟ್ಟಿನಿಂದ ಬಂದದ್ದು, ಅದು ಹಾಗೇ ಇರಲಿ. ಭಯ ಕಲಿತದ್ದು. ಕಲಿತದ್ದನ್ನು, ಕಲಿಸುವವರಿಗೆ ತಾಳ್ಮೆಯಿದ್ದರೆ, ಮರೆಸಬಹುದು.