ಎಣ್ಣೆಸ್ನಾನ ಮತ್ತು ಅಪಸ್ಮಾರ

ಎಣ್ಣೆಸ್ನಾನವೆಂಬುದು ನಮ್ಮ ಬಿ.ದುರ್ಗದ ಸೀಮೆಯಲ್ಲಿ ಬರಿಯ ಮೈತೊಳೆಯುವ ಕ್ರಿಯೆಯಲ್ಲ, ಅದೊಂದು ಸಂಭ್ರಮ. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ ನೀರು ತುಂಬಿಟ್ಟು, ಮರುದಿನ ಬೆಳಗಿನ ಜಾವ ಹೊಗೆಯಾಡುವ ನೀರನ್ನು ಚೊಂಬು ಚೊಂಬಾಗಿ ನೆತ್ತಿಯ ಮೇಲೆ ಸುರಿದರೇ ಹಿರಿಯರಿಗೆ ತೃಪ್ತಿ. ಇಂಥ ಸುಖದ ನಡುವೆಯೇ ಕೆಲವು ಮಕ್ಕಳಿಗೆ ವಿಪತ್ತೊಂದು ಕಾದಿರುತ್ತದೆಂದರೆ ವಾಚಕರು ಬೆರಗಾದಾರು. ನಾಲ್ಕಾರು ಚೊಂಬು ನೀರು ಬೀಳುತ್ತಲೇ ದೃಷ್ಟಿ ನಟ್ಟು, ಮಾತು ತಪ್ಪಿ, ಪ್ರಜ್ಞೆ ಮಸುಕಾಗುತ್ತದೆ. ಕೆಲವರಿಗೆ ಕೈಕಾಲು ಸೆಟೆದು ಅದುರುತ್ತವೆ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರವೆಂದು ಕರೆಯುತ್ತಾರೆ.

ಈ ವ್ಯಾಧಿಯ ಮೊದಲ ವರದಿ 1945ರಲ್ಲಿ ದೂರದ ನ್ಯೂಜಿಲೆಂಡಿನಿಂದ ಬಂದಿತು. ಟರ್ಕಿ, ಜಪಾನ್ ದೇಶಗಳಲ್ಲಿಯೂ ಇದು ಕಂಡಿದೆ. ಆದರೆ ಇದನ್ನು ವಿಶೇಷವಾಗಿ ಅಭ್ಯಸಿಸಿದ ನಾಡು ನಮ್ಮದೇ. ಬೆಂಗಳೂರಿನ ನರರೋಗ ತಜ್ಞರಾದ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ಇದರ ಪ್ರಾಥಮಿಕ ವರದಿಯನ್ನು ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವೃತ್ತಾಂತವನ್ನು ಜಗತ್ತಿನ ಮುಂದಿಟ್ಟರು. ಒಂದೇ ಮನೆತನದಲ್ಲಿ ಹಲವರಿಗೆ ಇದು ಬರುವುದುಂಟಾದ್ದರಿಂದ, ವಂಶವಾಹಿಗಳ ಪಾತ್ರವೂ ಇದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ನಮ್ಮ ಮಿದುಳಿನಲ್ಲಿ ಎರಡು ಶಕ್ತಿಗಳು ಸದಾ ತೂಗುತ್ತಿರುತ್ತವೆ: ನರಕೋಶಗಳನ್ನು ಉದ್ರೇಕಿಸುವುದೊಂದು, ತಡೆದು ಹಿಡಿಯುವುದೊಂದು. ತಡೆಯುವ ಕೆಲಸವನ್ನು ಮುಖ್ಯವಾಗಿ ಗ್ಯಾಬಾ ಎಂಬ ರಾಸಾಯನಿಕವು ನಡೆಸುತ್ತದೆ. ಅದು ನರಕೋಶದ ಮೇಲಿನ ಪುಟ್ಟ ಬಾಗಿಲನ್ನು ತೆರೆದೊಡನೆ ಕ್ಲೋರೈಡ್ ಕಣಗಳು ಒಳಹೊಕ್ಕು ಕೋಶದ ಉದ್ವೇಗವನ್ನು ತಣಿಸುತ್ತವೆ. ಹುಟ್ಟಿನಿಂದಲೇ ಈ ತಕ್ಕಡಿ ಸೂಕ್ಷ್ಮವಾಗಿರುವವರ ತಲೆಯ ಮೇಲೆ 40ರಿಂದ 50 ಡಿಗ್ರಿ ಬಿಸಿಯ ನೀರು ಒಮ್ಮೆಲೆ ಬಿದ್ದರೆ ತಕ್ಕಡಿ ಓಲಾಡುತ್ತದೆ. ಅಸಂಖ್ಯ ಕೋಶಗಳು ಏಕಕಾಲಕ್ಕೆ ಕೂಗಿಕೊಂಡಂತಾಗುತ್ತದೆ. ಅದೇ ಸೆಳವು.

ಔಷಧಗಳು ಕೈಹಾಕುವುದು ಈ ಬಾಗಿಲಿಗೇ. 1912ರಿಂದ ಬಳಕೆಯಲ್ಲಿರುವ ಫೀನೋಬಾರ್ಬಿಟಾಲ್ ಅದನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಈಚಿನ ಕ್ಲೋಬಜಾಮ್ ಅದು ಮೇಲಿಂದ ಮೇಲೆ ತೆರೆಯುವಂತೆ ಮಾಡುತ್ತದೆ. ಅಗ್ಗದ ಫೀನೋಬಾರ್ಬಿಟಾಲನ್ನು ಹಗುರವಾಗಿ ಕಾಣಬೇಕಾಗಿಲ್ಲ. ಯಳಂದೂರಿನ ಹಳ್ಳಿಗಳಲ್ಲಿ ಡಾ. ಮಣಿಯವರ ತಂಡವು ಇದರಿಂದಲೂ ಫೆನಿಟಾಯಿನ್‌ನಿಂದಲೂ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿ, 2001ರಲ್ಲಿ ಅದನ್ನು ಪ್ರಕಟಿಸಿತು.

ಆದರೆ ಸೆಳವನ್ನು ತಡೆಯುವ ಶಕ್ತಿಯೇ ಎಚ್ಚರವನ್ನೂ ಮಂದಗೊಳಿಸಬಲ್ಲದು. ನಾನು ಬಲ್ಲ ಹುಡುಗನೊಬ್ಬ ದಿನವೂ ಮಾತ್ರೆ ನುಂಗಿ ತರಗತಿಯಲ್ಲಿ ತೂಕಡಿಸುತ್ತಿದ್ದ. ಉಪಾಧ್ಯಾಯರು ಅವನನ್ನು ದಡ್ಡರ ಸಾಲಿಗೆ ಸೇರಿಸಿದರು. ಗಾಳಿ ಸೋಕಿದೆಯೆಂದು ನಂಬಿದ ಅಜ್ಜಿ ಅವನ ಮುಷ್ಟಿಗೆ ಕಬ್ಬಿಣದ ಬೀಗದ ಕೈಯಿಟ್ಟಳು. ಮನೆಯವರು ಕೊನೆಗೆ ಅವನಿಗೆ ತಲೆಸ್ನಾನವನ್ನೇ ನಿಲ್ಲಿಸಿದರು. ರೋಗಕ್ಕಿಂತ ರೋಗದ ಸುತ್ತ ಬೆಳೆದ ಭಯವೇ ಅವನ ಬಾಲ್ಯವನ್ನು ಹೆಚ್ಚು ಕಿತ್ತುಕೊಂಡಿತ್ತು. ಹೊಸ ವೈದ್ಯರೊಬ್ಬರು ಮೊದಲು ಕೇಳಿದ್ದು ಮಾತ್ರೆಯ ಹೆಸರನ್ನಲ್ಲ, ನೀರಿನ ಬಿಸಿಯನ್ನು. ಉಗುರುಬೆಚ್ಚಗಿನ ನೀರನ್ನು ಬಳಸಬೇಕು, ಒಂದೇ ಸಮನೆ ನೆತ್ತಿಗೆ ಸುರಿಯದೆ ಮೈಗೆ ಮೊದಲು ಹಾಕಬೇಕು, ಬಚ್ಚಲಲ್ಲಿ ಒಬ್ಬನನ್ನೇ ಬಿಡಬಾರದು ಎಂದರು. ನಿತ್ಯದ ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿ, ತಲೆಸ್ನಾನದ ದಿನ ಮಾತ್ರ, ಅದಕ್ಕೆ ಒಂದೆರಡು ಗಂಟೆ ಮುಂಚೆ, ಅಲ್ಪ ಪ್ರಮಾಣದ ಕ್ಲೋಬಜಾಮ್ ಕೊಟ್ಟರು. ಹುಡುಗ ತರಗತಿಯಲ್ಲಿ ಮತ್ತೆ ಕಣ್ತೆರೆದು ಕುಳಿತ.

ಎಲ್ಲರಿಗೂ ಇದೇ ಕ್ರಮವೆಂದಲ್ಲ. ಬಿಸಿನೀರಿನ ಹಂಗಿಲ್ಲದೆಯೂ ಸೆಳವು ಬರತೊಡಗಿದವರಿಗೆ ನಿತ್ಯದ ಔಷಧವೇ ಬೇಕಾಗುತ್ತದೆ. ಮಂಪರಿಗೆ ಬೇಸತ್ತು ಮಾತ್ರೆಯನ್ನು ತಟ್ಟನೆ ಬಿಟ್ಟರೆ, ಅದುವರೆಗೆ ಅದುಮಿಟ್ಟ ಉದ್ರೇಕವು ಇಮ್ಮಡಿಯಾಗಿ ನುಗ್ಗಿ ಪ್ರಾಣಕ್ಕೇ ಎರವಾಗಬಹುದು. ಏರಿಸುವುದೂ ಇಳಿಸುವುದೂ ವೈದ್ಯರ ಕಣ್ಣೆದುರಿಗೇ ಆಗಬೇಕು.

ನರಮಂಡಲದ ಚಿಕಿತ್ಸೆಯನ್ನು ನಾವು ಶತ್ರುಸಂಹಾರವೆಂದು ಭಾವಿಸುತ್ತೇವೆ. ಅದು ಮೂಲತಃ ತೂಗುವ ವಿದ್ಯೆ. ಮಾತ್ರೆಯ ತೂಕದ ಜೊತೆಗೆ ರೋಗಿಯ ಬಚ್ಚಲನ್ನು, ಪಾಠಶಾಲೆಯನ್ನು, ಮನೆಯ ನಂಬಿಕೆಯನ್ನು ಕೂಡ ತಕ್ಕಡಿಗಿಡುವ ವೈದ್ಯನೇ ನಿಜವಾದ ವೈದ್ಯ. ಉಪಾಧ್ಯಾಯರಿಗೂ ಇಲ್ಲಿ ಒಂದು ಕರ್ತವ್ಯವಿದೆ: ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮಗುವನ್ನು ಗದರುವ ಮೊದಲು, ಅದು ಯಾವ ಔಷಧವನ್ನು ಸೇವಿಸುತ್ತಿದೆಯೆಂದು ಮೆಲ್ಲನೆ ವಿಚಾರಿಸುವುದು.