ಬೀಪ್ ಅಂದಿದ್ದೆಲ್ಲ ಉಂಗುರವಲ್ಲ

ಮೆಟಲ್ ಡಿಟೆಕ್ಟರ್ ಒಂದೇ ಸಮನೆ ಕಿರುಚೋಕೆ ಶುರು ಮಾಡಿದ್ರೆ ಹೆಚ್ಚಿನವರು ಮೊದಲು ಸೆನ್ಸಿಟಿವಿಟಿ ಇಳಿಸ್ತಾರೆ. ನಾನು ಇಂಗ್ಲೆಂಡಿನಲ್ಲಿ, ಅನುಮತಿ ಇರೋ ಬೀಚ್‌ಗಳಲ್ಲಿ ವೀಕೆಂಡ್ ಅಲೆಯೋನು. ಮೊದಲು ಗದ್ದಲ ಎಲ್ಲಿಂದ ಅಂತ ನೋಡ್ತೀನಿ. ಕಾಯಿಲ್ ನೆಲದಿಂದ ಮೇಲೆತ್ತಿ ಅಲ್ಲಾಡಿಸದೆ ಹಿಡಿಯಿರಿ. ಆಗಲೂ ಬೀಪ್ ಬಂದ್ರೆ ತಪ್ಪು ಮರಳಿನದ್ದಲ್ಲ. ವಿದ್ಯುತ್ ತಂತಿ, ಪಕ್ಕದವರ ಡಿಟೆಕ್ಟರ್ ಅಥವಾ ನಿಮ್ಮ ಜೇಬಿನ ಫೋನ್. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ರೀಕ್ವೆನ್ಸಿ ಚಾನೆಲ್ ಬದಲಿಸಿ.

ಎತ್ತಿದಾಗ ಸುಮ್ಮನಿದ್ದು ಒದ್ದೆ ಮರಳಿನ ಮೇಲೆ ಬೀಸಿದಾಗ ಕೂಗಿದ್ರೆ ಉಪ್ಪುನೀರಿನ ಕಾಟ. ಅದರಲ್ಲಿ ವಿದ್ಯುತ್ ಹರಿಯುತ್ತೆ, ಹಾಗಾಗಿ ಮೆಷಿನ್‌ಗೆ ಅದೂ ಲೋಹದ ಥರ. ಬೀಚ್ ಮೋಡ್, ಮತ್ತೊಮ್ಮೆ ಗ್ರೌಂಡ್ ಬ್ಯಾಲೆನ್ಸ್, ಆಮೇಲೆ ಬೇಕಿದ್ರೆ ಸೆನ್ಸಿಟಿವಿಟಿ.

ಡಿಸ್ಕ್ರಿಮಿನೇಷನ್ ಮಾತ್ರ ಹುಷಾರು. ಕಳೆದ ತಿಂಗಳು ಗೆಳೆಯನ ಹೆಂಡತಿಯ ಮದುವೆ ಉಂಗುರ ಮರಳಲ್ಲಿ ಬಿದ್ದುಹೋಯ್ತು. ಉಬ್ಬರ ಏರ್ತಾ ಇತ್ತು, ಅವರಿಗೆ ಅಳುವೇ ಬಂದುಬಿಟ್ಟಿತ್ತು. ‘ಫಾಯಿಲ್ ಸದ್ದು ಆಫ್ ಮಾಡೋ, ಬೇಗ ಆಗುತ್ತೆ’ ಅಂದ ಗೆಳೆಯ. ಆದ್ರೆ ತೆಳು ಚಿನ್ನವೂ ಫಾಯಿಲೂ ಸ್ಕ್ರೀನ್ ಮೇಲೆ ಹೆಚ್ಚುಕಮ್ಮಿ ಒಂದೇ ನಂಬರ್. ಫಾಯಿಲ್ ಬಾಯಿ ಮುಚ್ಚಿಸಿದ್ರೆ ಉಂಗುರವೂ ಮೌನ. (ನಮ್ಮ ಆಫೀಸಿನ ಲಾಗ್ ಫಿಲ್ಟರ್‌ಗಳ ಕಥೆಯೂ ಇದೇ!) ನಾಲ್ಕು ಫಾಯಿಲ್ ಚೂರು ಅಗೆದ ಮೇಲೆ ಐದನೇ ಗುಂಡಿಯಲ್ಲಿ ಉಂಗುರ ಸಿಕ್ತು.

ಇನ್ನು ತುಕ್ಕು ಹಿಡಿದ ಮೊಳೆ. ಅದೂ ಒಳ್ಳೇ ಲೋಹದ ದನಿಯಲ್ಲೇ ಕರೆಯುತ್ತೆ. 90 ಡಿಗ್ರಿ ತಿರುಗಿ ನಿಂತು ಅಡ್ಡಲಾಗಿ ಇನ್ನೊಮ್ಮೆ ಬೀಸಿ. ದನಿ ಮುರಿದ್ರೆ ಅಥವಾ ಮಾಯವಾದ್ರೆ ಬಹುಪಾಲು ಕಬ್ಬಿಣವೇ. ಅನುಮಾನ ಉಳಿದ್ರೆ ಅಗೆದುಬಿಡಿ, ಗುಂಡಿ ಮುಚ್ಚೋದು ಮರೀಬೇಡಿ.