ಕಡಲು ಸೇರಿದ ನೀರು ಪೋಲಾ?

ನಮ್ಮ ಕಡೆ ಬೇಸಿಗೆ ಬಂತೂಂದ್ರೆ ಒಂದು ಮಾತು ತಪ್ಪೋದಿಲ್ಲ: ‘ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ಪೋಲಾಗ್ತಿದೆ.’ ಆಫೀಸಿನಲ್ಲೂ ಕೇಳ್ತೀನಿ, ಮದುವೆ ಮನೆಯಲ್ಲೂ ಕೇಳ್ತೀನಿ. ಆಗೆಲ್ಲ ನಾನು ಹೇಳೋದು ಒಂದು ಪುಟಾಣಿ ಮೀನಿನ ಕಥೆ.

ಹವಾಯಿ ದ್ವೀಪಗಳ ಹೊಳೆಗಳಲ್ಲಿ ಮೂಲದಿಂದ ಇರೋ ಮೀನುಗಳು ಐದೇ ಜಾತಿ. ಅಲ್ಲಿನವರು ಇವನ್ನು ‘ಓಓಪು’ ಅಂತಾರೆ. ಐದೂ ಬೇರೆಲ್ಲೂ ಸಿಗೋದಿಲ್ಲ. ಇವು ಮೊಟ್ಟೆ ಇಡೋದು ಹೊಳೆಯಲ್ಲಿ. ಒಡೆದು ಬಂದ ಮರಿ ಕಣ್ಣಿಗೆ ಕಾಣೋದೇ ಕಷ್ಟ. ಅದು ಹರಿವಿನ ಜೊತೆ ತೇಲಿ ಬೇಗ ಕಡಲು ಮುಟ್ಟಬೇಕು, ಇಲ್ಲವಾದರೆ ಸಾಮಾನ್ಯವಾಗಿ ಸಾಯುತ್ತದೆ. ಉಪ್ಪುನೀರಿನಲ್ಲಿ ಕೆಲವು ತಿಂಗಳು ಬೆಳೆದು, ಸುಮಾರು ಒಂದಿಂಚು ಆದಾಗ ಮತ್ತೆ ಹೊಳೆಗೆ ಬರುತ್ತದೆ.

ನನಗೆ ಬೆರಗು ಆಮೇಲಿನದ್ದು. ಇವುಗಳಲ್ಲಿ ಕೆಲವು ಜಾತಿಯ ಮೀನು ಜಲಪಾತ ಅಡ್ಡ ಬಂದರೆ ಹತ್ತುತ್ತದೆ! ಹೊಟ್ಟೆಯಡಿಯ ಎರಡು ಈಜುರೆಕ್ಕೆ ಕೂಡಿ ಬಟ್ಟಲಿನ ಹಾಗಾಗಿವೆ. ಅದನ್ನು ಬಂಡೆಗೆ ಒತ್ತಿ ಅಂಟಿಕೊಳ್ಳುತ್ತದೆ. ‘ನೋಪಿಲಿ’ ಜಾತಿ ಬಾಯಿಯನ್ನೂ ಬಳಸುತ್ತದೆ: ಒಮ್ಮೆ ಬಾಯಿ, ಒಮ್ಮೆ ಹೊಟ್ಟೆ, ಹೀಗೆ ಇಂಚಿಂಚೇ ಮೇಲೆ. ಅಕಾಕಾ ಜಲಪಾತದ ಎತ್ತರ ಸುಮಾರು 135 ಮೀಟರ್, ನಮ್ಮ ಜೋಗದ ಅರ್ಧಕ್ಕಿಂತ ಹೆಚ್ಚು. ಅದರ ಮೇಲಿನ ಹೊಳೆಯಲ್ಲೂ ‘ಅಲಮೊಓ’ ಜಾತಿ ಬದುಕಿದೆ.

ಆದರೆ ಬೆಟ್ಟದಿಂದ ಕಡಲಿನವರೆಗೆ ನೀರು ತುಂಡಾಗದೆ ಹರಿಯಬೇಕು. ಮಾವಿ ದ್ವೀಪದಲ್ಲಿ ಕಬ್ಬಿಗಾಗಿ 1870ರ ದಶಕದಿಂದ ಹೊಳೆಗಳನ್ನು ಕಾಲುವೆಗೆ ತಿರುಗಿಸಿದರು. ಕೆಳಗೆ ಹಲವು ಹೊಳೆ ಬತ್ತಿದವು. ಹರಿಯೋ ತಣ್ಣೀರು ಬೇಡುವ ಕೆಸುವಿನ ಗದ್ದೆಗಳೂ ಒಣಗಿದವು. ಹೌದು, ನಾವು ಪತ್ರೊಡೆ ಮಾಡೋ ಅದೇ ಕೆಸು; ಅಲ್ಲಿ ಅದರ ಗೆಡ್ಡೆಯೇ ಊಟ. ಬೆಳೆಗಾರರು ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ಕಬ್ಬಿನ ಕೊನೆಯ ಕಟಾವಾಯ್ತು. 2018ರಲ್ಲಿ ರಾಜ್ಯದ ಜಲ ಆಯೋಗ, ಪೂರ್ವ ಮಾವಿಯ ಹತ್ತು ಹೊಳೆಗಳ ನೀರನ್ನು ಪೂರ್ತಿ ಹೊಳೆಗೇ ಬಿಡಿ ಅಂತ ಆದೇಶಿಸಿತು.

ಹಾಗಾದ್ರೆ ಮನುಷ್ಯ ನೀರು ತೆಗೀಲೇಬಾರದಾ? ಪೋರ್ಟೊರಿಕೊ ದ್ವೀಪದ ಸಿಗಡಿ ಮರಿಗಳೂ ಹೀಗೇ ಕಡಲಿಗೆ ತೇಲುತ್ತವೆ, ಹೆಚ್ಚಾಗಿ ಕತ್ತಲಾದ ಮೇಲೆ. ಎಸ್ಪಿರಿಟು ಸಾಂಟೊ ನದಿಯಲ್ಲಿ ನೀರೆತ್ತುವ ಜಾಗ ಸರಾಸರಿ ಶೇ 42ರಷ್ಟು ಮರಿಗಳನ್ನು ಎಳೆದುಕೊಳ್ಳುತ್ತಿತ್ತು. ಸಂಜೆಗತ್ತಲಿನಿಂದ ಐದು ತಾಸು ನೀರೆತ್ತದಿದ್ದರೆ ಈ ಸಾವು ಅರ್ಧಕ್ಕಿಂತ ಕಡಿಮೆಯಾಗುತ್ತೆ ಅಂತ 1999ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಉಳಿದ ಹೊತ್ತು ನೀರು ತಗೊಳ್ಳಿ, ಯಾರು ಬೇಡ ಅಂತಾರೆ!

ಘಟ್ಟದಿಂದ ಇಳಿಯೋ ನಮ್ಮ ಹೊಳೆಗಳಲ್ಲೂ ಇಂಥ ಪಯಣಿಗರಿದ್ದಾರೆ. ಹಾವುಮೀನು ಮೊಟ್ಟೆಯಿಡೋಕೆ ಕಡಲಿಗೇ ಹೋಗಬೇಕು. ಮೊದಲ ಮಳೆಗೆ ಹತ್ತುಮೀನು ಬರೋದನ್ನು ಕಂಡ ಅಜ್ಜ–ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಈ ವಾರ ಫೋನ್ ಮಾಡಿ: ಆಗ ಎಲ್ಲಿವರೆಗೆ ಹತ್ತುತ್ತಿದ್ದವು, ಈಗ ಎಲ್ಲಿ ನಿಂತುಹೋಗಿವೆ? ಉತ್ತರವನ್ನು ನಮಗೂ ಬರೆದು ಕಳಿಸಿ.